ಅಕ್ಕೋರ ಮೀನು ಒಂದೇ ಕಡೆಯಿಂದ ಯಾಕೆ ಹೊರಗೆ ಬರ್ತಿತ್ತು

ಶಿರಸಿಲಿ ನಂದೊಂದು ಸಣ್ಣ ಮರಗೆಲಸದ ಅಂಗಡಿ ಇದೆ, ನೇಮ್‌ಪ್ಲೇಟು, ದೇವರ ಮಂಟಪಕ್ಕೆ ಜಾಲರಿ, ಕಿಟಕಿ ಮೇಲಿನ ಡಿಸೈನು ಇಂಥವೆಲ್ಲ ಮಾಡ್ತೇನೆ. ಅದರಲ್ಲಿ ಅರ್ಧ ಕೆಲಸ ಸ್ಕ್ರೋಲ್ ಸಾ ಮೇಲೆ. ನೋಡದೇ ಇದ್ದವರಿಗೆ ಹೇಳ್ಬೇಕು ಅಂದ್ರೆ ಅದು ಹೊಲಿಗೆ ಮಶೀನಿನ ದೂರದ ಸಂಬಂಧಿ, ಸೂಜಿ ಇರೋ ಜಾಗದಲ್ಲಿ ಐದಿಂಚು ಉದ್ದದ, ಸಪೂರ ಗರಗಸ ಮೇಲೆ ಕೆಳಗೆ ಓಡ್ತಾ ಇರ್ತದೆ, ನಾವು ಮರದ ಹಲಗೆನ ಬಟ್ಟೆ ತಿರುಗಿಸಿದ ಹಾಗೆ ತಿರುಗಿಸ್ತಾ ಹೋಗೋದು. ಕಲಿಯೋಕೆ ಸುಲಭ ಕಾಣ್ತದೆ, ಬೆರಳು ಹೋಗೋ ಭಯವೂ ದೊಡ್ಡ ಗರಗಸದಷ್ಟು ಇಲ್ಲ, ಅದಕ್ಕೇ ಹೊಸಬರು ಇದರಿಂದ್ಲೇ ಶುರು ಮಾಡ್ತಾರೆ. ಆಮೇಲೆ ಮಾಡಿದ್ದನ್ನ ಫೋಟೋ ತೆಗೆದು ನನ್ನಂಥೋರಿಗೆ ಕಳಿಸಿ ಹೇಗಾಯ್ತು ಹೇಳಿ ಅಂತಾರೆ. ಈ ಬರಹ ಆ ‘ಹೇಗಾಯ್ತು’ ಅನ್ನೋ ಪ್ರಶ್ನೆಗೆ ನಾನು ಒಬ್ಬರಿಗೆ ಕೊಟ್ಟ ಉತ್ತರಗಳ ಬಗ್ಗೆ, ಅದರಲ್ಲೂ ತಪ್ಪು ಉತ್ತರಗಳ ಬಗ್ಗೆ.

ಅವರು ನನಗೆ ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಕಲಿಸಿದ ಅಕ್ಕೋರು. ನಮ್ಮ ಕಡೆ ಹೆಣ್ಣು ಟೀಚರಿಗೆ ಎಷ್ಟು ವರ್ಷ ಆದ್ರೂ ಅಕ್ಕೋರೇ, ಬೇರೆ ಹೆಸರಿಲ್ಲ. ರಿಟೈರ್ ಆಗಿ ಕುಮಟಾದಲ್ಲಿ ಮನೆ, ಗಂಡ ತೀರಿಕೊಂಡು ಮೂರು ವರ್ಷ, ಮಗ ಬೆಂಗಳೂರಲ್ಲಿ. ಆ ಮಗ ಅಮ್ಮನಿಗೆ ಹೊತ್ತು ಹೋಗ್ಲಿ ಅಂತ ಆನ್‌ಲೈನಲ್ಲಿ ಒಂದು ಹದಿನಾರಿಂಚಿನ ಸ್ಕ್ರೋಲ್ ಸಾ ತರಿಸಿಕೊಟ್ಟ. ನನಗೆ ಫೋನ್ ಬಂತು, ‘ತಮಾ, ಮಶೀನು ಬಂತು, ಮರ ಕುಣೀತದೆ, ಕೊಯ್ಯೂದಿಲ್ಲ.’ ವಿಡಿಯೋ ಕಳಿಸಿ ಅಂದೆ, ನೋಡಿದ್ರೆ ಬ್ಲೇಡ್ ತಲೆಕೆಳಗು ಹಾಕಿದ್ದಾರೆ. ಹಲ್ಲು ಕೆಳಮುಖ ಇರ್ಬೇಕು, ಆವಾಗ ಬ್ಲೇಡ್ ಇಳಿಯೋವಾಗ ಹಲಗೆನ ಟೇಬಲ್ಲಿಗೆ ಒತ್ತಿಕೊಂಡು ಕೊಯ್ತದೆ, ಮೇಲ್ಮುಖ ಇದ್ರೆ ಹಲಗೆನೇ ಎತ್ತಿ ಬಡೀತದೆ. ಬೆರಳ ತುದಿಯಿಂದ ಬ್ಲೇಡನ್ನ ಮೇಲಿಂದ ಕೆಳಗೆ ಸವರಿ, ಆಮೇಲೆ ಕೆಳಗಿಂದ ಮೇಲೆ ಸವರಿ, ಯಾವ ಕಡೆ ಹೋಗುವಾಗ ಬೆರಳು ಹಿಡೀತದೋ ಹಲ್ಲು ಅದರ ವಿರುದ್ಧ ದಿಕ್ಕಿಗಿದೆ ಅಂತ ಹೇಳಿದೆ. ಐದು ನಿಮಿಷದಲ್ಲಿ ಸರಿ ಆಯ್ತು, ನಾನು ಭಾರೀ ಗುರು ಆದೆ ಅಂದ್ಕೊಂಡೆ.

ಹದಿನೈದು ದಿನ ಬಿಟ್ಟು ವಾಟ್ಸಾಪಲ್ಲಿ ಫೋಟೋ. ಮೊಮ್ಮಗನಿಗೆ ಅಂತ ಮಾಡಿದ ಮೀನಿನ ಪಜಲ್, 18 ಮಿಲಿಮೀಟರ್ ದಪ್ಪದ ಹಲಸಿನ ಹಲಗೆ, ಹಳೆ ಮನೆ ಬಿಚ್ಚಿದಾಗ ಉಳಿದಿದ್ದು. ನಡುವೆ ಬಂಗಡೆ ಆಕಾರ ಕೊಯ್ದು, ಆ ಬಂಗಡೆನ ತಲೆ, ಬಾಲ ಅಂತ ಐದು ತುಂಡು ಮಾಡಿದ್ದಾರೆ. ತುಂಡುಗಳನ್ನ ಹೊರಗೆ ತೆಗೆದು ಜಗಲಿ ಮೇಲೆ ಸಾಲಾಗಿ ಇಟ್ಟು, ನೇರ ಮೇಲಿಂದ ತೆಗೆದ ಫೋಟೋ. ಹಲಸಿನ ಹಳದಿ ಬಣ್ಣ ಬೆಳಗಿನ ಬಿಸಿಲಲ್ಲಿ ಅರಿಶಿನ ಹಚ್ಚಿದ ಹಾಗೆ ಹೊಳೀತಿತ್ತು.

ಇಲ್ಲಿ ಒಂದು ಮಾತು ಒಪ್ಕೋಬೇಕು. ನಾನು ಆ ಫೋಟೋದಲ್ಲೇ ತಪ್ಪು ನೋಡಿದ್ದೆ. ಮೇಲಿಂದ ತೆಗೆದ ಫೋಟೋದಲ್ಲಿ ಮೀನಿನ ಮೇಲ್ಮೈ ಮಾತ್ರ ಕಾಣ್ಬೇಕು, ಆದ್ರೆ ಅದರ ಸುತ್ತ ಸಣ್ಣದೊಂದು ಕಂದು ಅಂಚು ಕಾಣ್ತಿತ್ತು, ಅಂದ್ರೆ ಪಕ್ಕದ ಗೋಡೆ ಇಳಿಜಾರಾಗಿದೆ, ಕೆಳಗೆ ಅಗಲ ಮೇಲೆ ಸಣ್ಣ. ನೋಡಿಯೂ ಬರೆದಿದ್ದು ಏನು? ‘ಮಸ್ತ್ ಆಗಿದೆ ಅಕ್ಕೋರೆ.’ ಅವರ ಬೀಗರು ಬರೆದ್ರು ಚೊಲೋ ಆಯ್ದು ಅಂತ, ಪಕ್ಕದ ಮನೆಯವರು ಅಡ್ಡಿಲ್ಲ ಅಂದ್ರು. ನಮ್ಮ ಉತ್ತರ ಕನ್ನಡದಲ್ಲಿ ಈ ಅಡ್ಡಿಲ್ಲ ಅನ್ನೋದು ಭಾರೀ ಮಾತು, ಊಟಕ್ಕೂ ಅಡ್ಡಿಲ್ಲ, ಗಂಡಿಗೂ ಅಡ್ಡಿಲ್ಲ, ರಸ್ತೆಗೂ ಅಡ್ಡಿಲ್ಲ, ಯಾರಿಗೂ ನೋವಾಗೂದಿಲ್ಲ ಯಾರಿಗೂ ಉಪಯೋಗವೂ ಇಲ್ಲ. ಆದ್ರೆ ಅವರಿಬ್ಬರಿಗೆ ಮರಗೆಲಸ ಗೊತ್ತಿಲ್ಲ, ನನಗೆ ಗೊತ್ತಿತ್ತು. ಮಗ್ಗಿ ಕಲಿಸಿದವರಿಗೆ ನಿಮ್ಮ ಗೆರೆ ಸೊಟ್ಟ ಅಂತ ಹೇಳೂದು ಹೇಗೆ ಅನ್ನೋ ಮುಲಾಜು ಅಷ್ಟೇ.

ಆ ಮಸ್ತ್ ಅನ್ನೋದರ ಬಲದ ಮೇಲೆ ಅಕ್ಕೋರು ಅದೇ ಮಶೀನಲ್ಲಿ, ಅದೇ ಸೆಟ್ಟಿಂಗಲ್ಲಿ, ಇನ್ನೂ ಹನ್ನೆರಡು ಮೀನು ಕೊಯ್ದು ಹತ್ತಿರದ ಅಂಗನವಾಡಿಗೆ ಕೊಟ್ಟರು. ಎರಡೇ ವಾರದಲ್ಲಿ ವಾಪಸು ಬಂತು. ಮಕ್ಕಳು ಮುಂದುಗಡೆಯಿಂದ ಹಾಕಿದ್ರೆ ತುಂಡು ಒಳಗೆ ಹೋಗೂದಿಲ್ಲ, ಹಿಂದುಗಡೆಯಿಂದ ಹಾಕಿ ಒಂದು ಗುದ್ದು ಕೊಟ್ರೆ ಬೆಣೆ ಬಡಿದ ಹಾಗೆ ಕಚ್ಚಿ ಕೂತ್ಕೊಂಡು ಹೊರಗೆ ಬರೂದಿಲ್ಲ, ಒಬ್ಬ ಹುಡುಗ ಬಾಲ ಕೀಳೋಕೆ ಚಮಚ ಹಾಕಿ ಚಮಚ ಬಗ್ಗಿಸಿದನಂತೆ.

ಆಮೇಲೆ ಒಂದು ಮಂಗಳವಾರ ಅಕ್ಕೋರು ಮಾರಿಕಾಂಬೆ ದರ್ಶನ ಅಂತ ದೇವಿಮನೆ ಘಟ್ಟ ಹತ್ತಿ ಬಸ್ಸಲ್ಲಿ ಬಂದ್ರು, ದರ್ಶನ ಮುಗಿಸಿ ಸೀದಾ ಅಂಗಡಿಗೆ. ಕೈಲಿ ಹನ್ನೆರಡು ಮೀನಿನ ಚೀಲ. ಟೀ ಕುಡೀದೇ ಕೇಳಿದ್ದು, ‘ನಿಂಗೆ ಗೊತ್ತಿತ್ತಾ ಇಲ್ವಾ?’ ಗೊತ್ತಿತ್ತು ಅಂದೆ. ‘ನಿನ್ನ ನೋಟ್‌ಬುಕ್ಕಿಗೆ ನಾನು ಬರೀ ರೈಟ್ ಹಾಕ್ತಾ ಕೂತಿದ್ರೆ ನೀನು ಹನ್ನೆರಡರ ಮಗ್ಗಿ ಕಲೀತಿದ್ಯಾ?’ ನಾನು ಸುಮ್ಮನಾದೆ, ನಲವತ್ತಮೂರು ವರ್ಷದ ಮನುಷ್ಯ, ಅಂಗಡಿ ಹುಡುಗರ ಎದುರು.

ಆಮೇಲೆ ಕೆಲಸ. ಒಂದು ಮೀನನ್ನ ಅಳೆದು ನೋಡಿದ್ವಿ, ಮೇಲಿನ ಮೈ 62 ಮಿಲಿಮೀಟರ್, ಕೆಳಗಿನ ಮೈ 64.5. ಎರಡೂ ಪಕ್ಕ ಸೇರಿ ಎರಡೂವರೆ ಮಿಲಿಮೀಟರ್ ವ್ಯತ್ಯಾಸ, ಒಂದು ಪಕ್ಕಕ್ಕೆ ಒಂದೂಕಾಲು, 18 ಮಿಲಿಮೀಟರ್ ದಪ್ಪದಲ್ಲಿ ಅಷ್ಟು ವಾಲಬೇಕಾದ್ರೆ ಹಲಗೆ ಇಡೋ ಟೇಬಲ್ಲೇ ಬ್ಲೇಡಿಗೆ ಹತ್ತಿರ ನಾಲ್ಕು ಡಿಗ್ರಿ ಓರೆ ಇರ್ಬೇಕು. ಬ್ಲೇಡ್ ಕೊಯ್ದು ಬಿಡೋ ಸಂದು ಸುಮಾರು ಒಂದು ಮಿಲಿಮೀಟರ್, ವಾಲಿದ್ದು ಅದಕ್ಕಿಂತ ಜಾಸ್ತಿ, ಹಾಗಾಗಿ ತುಂಡು ಮುಂದುಗಡೆಯಿಂದ ದಾಟೂದೇ ಇಲ್ಲ. ಟೇಬಲ್ ಒಂದೆರಡು ಡಿಗ್ರಿ ಮಾತ್ರ ವಾಲಿದ್ರೆ ಸಂದು ಅದನ್ನ ನುಂಗಿಬಿಡ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಅಕ್ಕೋರಿಗೆ ಈ ಲೆಕ್ಕ ಭಾರೀ ಖುಷಿ ಕೊಟ್ಟಿತು, ನನ್ನ ರಶೀದಿ ಪುಸ್ತಕದ ಹಿಂದೆ ಬರೆದುಕೊಂಡ್ರು.

‘ಆದ್ರೆ ನಾ ಮುಳ್ಳು ಸೊನ್ನೆಗೇ ಇಟ್ಟಿದ್ನಲ್ಲ’ ಅಂದ್ರು. ಹೌದು, ಟೇಬಲ್ ಕೆಳಗೆ ಒಂದು ಡಿಗ್ರಿ ಪಟ್ಟಿ, ಒಂದು ಮುಳ್ಳು ಇರ್ತದೆ. ಕಮ್ಮಿ ರೇಟಿನ ಮಶೀನಲ್ಲಿ ಅದನ್ನ ನಂಬಬಾರದು, ಫ್ಯಾಕ್ಟರಿಲಿ ಅಂಟಿಸಿದ ಸ್ಟಿಕ್ಕರ್ ಅದು. ಮೂಲೆಮಟ್ಟ ಬ್ಲೇಡಿಗೆ ತಾಗಿಸಿ ನೋಡಬಹುದು, ಆದ್ರೆ ಬ್ಲೇಡ್ ಸಪೂರ ಇರೂದ್ರಿಂದ ಕಣ್ಣು ಮೋಸ ಹೋಗ್ತದೆ. ಇನ್ನೊಂದು ಉಪಾಯ ಇದೆ, ನಾನು ಇವತ್ತಿಗೂ ಅದನ್ನೇ ಮಾಡೂದು. ಒಂದೂವರೆ ಇಂಚು ದಪ್ಪದ ಒಂದು ತುಂಡು ತಗೊಂಡು ಬ್ಲೇಡಿಗೆ ತಾಗಿಸಿ ಸ್ವಲ್ಪವೇ ಒಳಗೆ ಕೊಯ್ದು ನಿಲ್ಲಿಸಿ. ಮಶೀನ್ ಆಫ್ ಮಾಡಿ ಆ ತುಂಡನ್ನ ಎತ್ತದೇ, ಮಗುಚದೇ, ಟೇಬಲ್ ಮೇಲೆ ಜಾರಿಸಿ ಬ್ಲೇಡಿನ ಬೆನ್ನ ಹಿಂದೆ ತಗೊಂಡು ಹೋಗಿ, ಕೊಯ್ದ ಗೆರೆ ಬ್ಲೇಡಿನ ಬೆನ್ನಿಗೆ ಎದುರಾಗೋ ಹಾಗೆ ಅರ್ಧ ಸುತ್ತು ತಿರುಗಿಸಿ. ಟೇಬಲ್ ಸರಿಯಾಗಿದ್ರೆ ಬ್ಲೇಡ್ ಗೆರೆ ಒಳಗೆ ಮೇಲಿಂದ ಕೆಳಗಿನವರೆಗೆ ಹಾಗೇ ಕೂರ್ತದೆ. ವಾಲಿದ್ರೆ ಮೇಲೆ ಒಂದು ಕಡೆ ಕೆಳಗೆ ಇನ್ನೊಂದು ಕಡೆ, ಅದೂ ತಪ್ಪು ಎರಡು ಪಟ್ಟಾಗಿ ಕಾಣ್ತದೆ, ನಾಲ್ಕು ಡಿಗ್ರಿ ಇದ್ರೆ ಎಂಟರ ಹಾಗೆ. ಯಾವ ಉಪಕರಣವೂ ಬೇಡ.

ಮುಂದಿನ ಭಾನುವಾರ ನಾನೇ ಕುಮಟಾಕ್ಕೆ ಹೋದೆ. ಟೇಬಲ್ ಸರಿ ಮಾಡಿ, ಮುಳ್ಳಿನ ಸ್ಕ್ರೂ ಸಡಿಲ ಮಾಡಿ ನಿಜವಾದ ಸೊನ್ನೆಗೆ ಕೂರಿಸಿದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಊಟ ಮಾಡಿ ಬರ್ಬೇಕಿತ್ತು. ಮೊದಲ ತಪ್ಪಿನ ಪಶ್ಚಾತ್ತಾಪ ಬೇರೆ, ಈ ಸಲ ಎಲ್ಲಾ ಹೇಳಿಬಿಡ್ತೇನೆ ಅಂತ ಅವರು ಮಾಡಿಟ್ಟ ಒಂದೊಂದೇ ಸಾಮಾನು ಕೈಗೆತ್ತಿ ಶುರು ಹಚ್ಕೊಂಡೆ. ಬ್ಲೇಡ್ ಬಿಗಿ ಸಾಲದು, ಮೀಟಿದ್ರೆ ಟಿಂಗ್ ಅನ್ಬೇಕು ನಿಮ್ಮದು ಟಪ್ ಅಂತದೆ. ಇಲ್ಲಿ ಸುಟ್ಟಿದೆ. ಇಲ್ಲಿ ಗೆರೆ ಬಿಟ್ಟು ಹೋಗಿದ್ದೀರಿ. ಮೂಲೆ ದುಂಡಾಗಿದೆ. ಕೆಳಗಡೆ ಜುಂಗು ಎದ್ದಿದೆ. ಸ್ಯಾಂಡ್‌ಪೇಪರ್ ಅಡ್ಡ ಹೊಡೆದಿದ್ದೀರಿ. ಮಾಸ್ಕ್ ಇಲ್ದೇ ಕೊಯ್ತೀರಿ. ಪಾಲಿಶ್ ಹುಡಿ ಮೇಲೇ ಹೊಡೆದಿದ್ದೀರಿ. ಒಂಬತ್ತೋ ಹತ್ತೋ ಹೇಳಿದೆ, ಎಲ್ಲವೂ ನಿಜವೇ. ಅಕ್ಕೋರು ಹೂಂ ಹೂಂ ಅಂದು ಪತ್ರೊಡೆ ಬಡಿಸಿದ್ರು.

ಮೂರು ವಾರ ಸುದ್ದಿ ಇಲ್ಲ. ಮಗನೇ ಫೋನ್ ಮಾಡಿದ, ‘ಅಣ್ಣಾ, ಅಮ್ಮ ಮಶೀನಿಗೆ ಬೆಡ್‌ಶೀಟ್ ಹೊದೆಸಿ ಇಟ್ಟಿದ್ದಾಳೆ, ಏನಾಯ್ತು?’

ನಾನು ಕ್ಷಮೆ ಕೇಳೋಕೆ ಫೋನ್ ಮಾಡಿದ್ರೆ ಅವರು ಸಿಟ್ಟಲ್ಲೇನೂ ಇರಲಿಲ್ಲ, ಪಾಠ ತಯಾರಿ ಮಾಡಿ ಕೂತಿದ್ರು. ಹೇಳಿದ್ದಿಷ್ಟು, ಒಂದು ಪುಟದಲ್ಲಿ ಹತ್ತು ಕೆಂಪು ಗೆರೆ ಹಾಕಿದ್ರೆ ಹುಡುಗ ಯಾವುದನ್ನೂ ತಿದ್ದೂದಿಲ್ಲ, ಪುಸ್ತಕನೇ ಮುಚ್ತಾನೆ, ಅದನ್ನ ನಾನು ಮೂವತ್ತು ವರ್ಷ ನೋಡಿದ್ದೇನೆ. ಇನ್ನು ಮೇಲೆ ನಾನು ಮಾಡಿದ್ದನ್ನ ನಿಂಗೆ ಬಸ್ಸಲ್ಲಿ ಕಳಿಸ್ತೇನೆ, ಫೋಟೋ ಬೇಡ. ನೀನು ಹಿಂದಿನ ಮೈಲಿ ಕೆಂಪು ಪೆನ್ಸಿಲಲ್ಲಿ ಸುತ್ತು ಹಾಕು, ಎರಡಕ್ಕಿಂತ ಜಾಸ್ತಿ ಹಾಕಬೇಡ. ಸುತ್ತಿನ ಪಕ್ಕ ತಪ್ಪು ಯಾರದು ಬರಿ, ಮಶೀನಿಂದಾ, ಬ್ಲೇಡಿಂದಾ, ಮರದ್ದಾ, ನನ್ನ ಕೈಯದ್ದಾ.

ಈ ನಾಲ್ಕನೇ ಮಾತು ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ. ‘ಗೆರೆ ಬಿಟ್ಟು ಹೋಗಿದ್ದೀರಿ’ ಅಂತ ನಾನು ಹೇಳಿದಾಗ ಅವರು ಕೇಳಿಸಿಕೊಂಡಿದ್ದು ‘ನಿಮಗೆ ಕೈ ನಡುಗ್ತದೆ, ವಯಸ್ಸಾಯ್ತು’ ಅಂತ. ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕಾರಣ ಬರೀಬೇಕು ಅಂದಾಗ ನಾನೂ ಯೋಚನೆ ಮಾಡ್ಬೇಕಾಯ್ತು. ತುಂಡು ನೋಡಿದ್ರೆ ಗೆರೆ ತಪ್ಪಿದ್ದೆಲ್ಲ ಒಂದೇ ಕಡೆಗೆ, ಬಲಕ್ಕೆ. ಕೈ ನಡುಗಿದ್ರೆ ಎರಡೂ ಕಡೆಗೆ ಹೋಗ್ಬೇಕಲ್ಲ? ಇದು ಬ್ಲೇಡಿನ ಗುಣ. ತಗಡಿಂದ ಅಚ್ಚೊತ್ತಿ ಹಲ್ಲು ತೆಗೆದ ಬ್ಲೇಡುಗಳಲ್ಲಿ ಒಂದು ಪಕ್ಕಕ್ಕೆ ಸಣ್ಣ ಜುಂಗು ಉಳೀತದೆ, ಆ ಪಕ್ಕ ಹೆಚ್ಚು ಕಚ್ಚುತ್ತೆ, ಸಾಮಾನ್ಯವಾಗಿ ಬಲಕ್ಕೆ ಎಳೀತದೆ. ನಮಗೆಲ್ಲ ಅಭ್ಯಾಸ ಆಗಿ ಕೈ ತಾನೇ ಹಲಗೆನ ಓರೆ ಮಾಡಿ ದೂಡ್ತದೆ, ಹೇಳೋಕೂ ನೆನಪಾಗೂದಿಲ್ಲ. ಹೊಸಬರು ನೇರ ದೂಡ್ತಾರೆ, ಗೆರೆ ತಪ್ಪಿದ ಮೇಲೆ ಬ್ಲೇಡನ್ನ ಪಕ್ಕಕ್ಕೆ ಒತ್ತಿ ವಾಪಸು ತರೋಕೆ ನೋಡ್ತಾರೆ, ಆವಾಗ ಬ್ಲೇಡ್ ಹೊಟ್ಟೆ ಬಿಟ್ಟು ಕೊಯ್ದ ಗೋಡೆ ಬಾಗ್ತದೆ. ಒಂದು ಹಾಳು ತುಂಡಿನ ಮೇಲೆ ಸ್ಕೇಲಲ್ಲಿ ನೇರ ಗೆರೆ ಎಳೆದು, ಎಷ್ಟು ಓರೆ ಹಿಡಿದ್ರೆ ಆ ಗೆರೆ ಮೇಲೇ ಹೋಗ್ತದೆ ನೋಡಿ, ಹೊಸ ಬ್ಲೇಡ್ ಹಾಕಿದಾಗೆಲ್ಲ ಹಾಗೆ ನೋಡಿ ಅಂತ ಬರೆದೆ. ಸುತ್ತಿನ ಪಕ್ಕ ಬರೆದಿದ್ದು ಒಂದೇ ಶಬ್ದ, ‘ಬ್ಲೇಡ್’. ಆ ಒಂದು ಶಬ್ದಕ್ಕೆ ಅವರು ಎಷ್ಟು ಖುಷಿಯಾದ್ರು ಅಂದ್ರೆ ಸಂಜೆ ಮೂರು ಸಲ ಫೋನ್ ಮಾಡಿದ್ರು.

ಹೀಗೆ ಮಳೆಗಾಲ ಪೂರ್ತಿ ಒಂಬತ್ತು ಪಾರ್ಸೆಲ್ ಓಡಾಡಿತು, ಕಂಡಕ್ಟರಿಗೂ ಗುರುತು ಸಿಕ್ಕಿತ್ತು, ‘ಟೀಚರದ್ದು ಬಂತು’ ಅಂತಿದ್ದ. ಸುಟ್ಟ ಕಲೆಗೆ ಬ್ಲೇಡ್ ಅಂತಲೇ ಬರೆದೆ, ಹಲ್ಲು ಸವೆದ ಮೇಲೂ ಓಡಿಸ್ತಿದ್ರು, ಜಿಪುಣತನ. ಹಲಗೆ ಮೇಲೆ ಅಗಲ ಪ್ಯಾಕಿಂಗ್ ಟೇಪು ಹಚ್ಚಿ ಕೊಯ್ದ್ರೆ ಸುಡೂದು ಎಷ್ಟೋ ಕಮ್ಮಿ ಆಗ್ತದೆ ಅಂತ ಹೇಳಿದೆ. ಜಿಪುಣತನಕ್ಕೂ ಒಂದು ದಾರಿ ಇದೆ, ಬ್ಲೇಡ್ ಐದಿಂಚು ಇದ್ರೂ ಅದು ಮೇಲೆ ಕೆಳಗೆ ಓಡೋದು ಮುಕ್ಕಾಲು ಇಂಚು ಅಷ್ಟೇ, ತೆಳು ಹಲಗೆ ಕೊಯ್ಯೋವಾಗ ಒಂದಿಂಚಿನಷ್ಟು ಹಲ್ಲು ಮಾತ್ರ ಸವೀತದೆ, ಟೇಬಲ್ ಮೇಲೆ ಒಂದು ಪ್ಲೈವುಡ್ ತುಂಡು ಹಾಸಿ ಎತ್ತರ ಮಾಡಿಕೊಂಡ್ರೆ ಮೇಲಿನ ಹೊಸ ಹಲ್ಲು ಕೆಲಸಕ್ಕೆ ಸಿಗ್ತದೆ. ಕುಮಟಾದ ಉಪ್ಪುಗಾಳಿಗೆ ಬ್ಲೇಡ್ ತುಕ್ಕು ಹಿಡೀತಿತ್ತು, ಅದಕ್ಕೆ ಅವರೇ ತೆಂಗಿನೆಣ್ಣೆ ಸವರಿ ಡಬ್ಬಿಲಿ ಹಾಕಿಟ್ಟರು, ಒರೆಸದೇ ಹಾಕಿ ಒಂದು ನೇಮ್‌ಪ್ಲೇಟಿಗೆ ಎಣ್ಣೆ ಕಲೆ ಮಾಡಿಕೊಂಡ್ರು, ಅದಕ್ಕೆ ನಾನು ‘ಕೈ’ ಅಂತ ಬರೆದೆ, ಒಪ್ಪಿದ್ರು.

ಹಿಂದಿನ ಮೈ ನೋಡೂದು ಅಕ್ಕೋರ ಕಲ್ಪನೆ ಅಷ್ಟೇ ಅಲ್ಲ ಅಂತ ಆಮೇಲೆ ನೆನಪಾಯ್ತು. ನಾನು ಕೆಲಸ ಕಲಿಯೋವಾಗ ಶಿರಸಿಯ ಒಬ್ಬ ಗುಡಿಗಾರ ಅಜ್ಜನ ಹತ್ರ ಹೋಗ್ತಿದ್ದೆ, ಗಂಧದ ಕೆತ್ತನೆ ಮಾಡ್ತಿದ್ದವರು. ಏನು ತಗೊಂಡು ಹೋದ್ರೂ ಎದುರು ಭಾಗ ನೋಡೂದಕ್ಕೆ ಮುಂಚೆ ಮಗುಚಿ ಹಿಂದೆ ನೋಡ್ತಿದ್ರು, ಕಿಟಕಿ ಹತ್ರ ಹಿಡಿದು ಬೆಳಕು ಅಡ್ಡ ಬೀಳೋ ಹಾಗೆ. ಎದುರು ಭಾಗನ ಎಲ್ಲರೂ ಉಜ್ಜಿ ಹೊಳಪು ಮಾಡಿರ್ತಾರೆ, ಗರಗಸ ಏನು ಮಾಡಿತು ಅನ್ನೋದು ಹಿಂದೆಯೇ ಕಾಣೂದು. ನಾನೇ ಕಲಿತದ್ದನ್ನ ನಾನೇ ಮರೆತು ಫೋಟೋಕ್ಕೆ ಮಸ್ತ್ ಅಂತಿದ್ದೆ.

ಸೆಪ್ಟೆಂಬರಿಗೆ ಅಕ್ಕೋರು ದೊಡ್ಡ ಕೆಲಸಕ್ಕೆ ಕೈ ಹಾಕಿದ್ರು. ನಮ್ಮ ಕರಾವಳಿ ದೇವಸ್ಥಾನಗಳ ಗೋಡೆ ಮೇಲೆ ಕಾವಿ ಕಲೆ ಇರ್ತದಲ್ಲ, ಶಿರಸಿ ಮಾರಿಕಾಂಬೆ ದೇವಸ್ಥಾನದಲ್ಲೂ ಇದೆ, ಬಿಳಿ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣು ಬಳಿದು, ಮೊನಚು ಕಬ್ಬಿಣದಲ್ಲಿ ಕೆಂಪನ್ನ ಕೆರೆದು ಒಳಗಿನ ಬಿಳಿ ಕಾಣಿಸೋದು. ಬರೀ ಎರಡೇ ಬಣ್ಣ, ನಡುವೆ ಛಾಯೆ ಇಲ್ಲ. ಅಕ್ಕೋರ ತರ್ಕ ಏನು ಅಂದ್ರೆ ಕೆಂಪು ಇದ್ದಲ್ಲಿ ಮರ, ಬಿಳಿ ಇದ್ದಲ್ಲಿ ತೂತು, ಸ್ಕ್ರೋಲ್ ಸಾಗೆ ಇದಕ್ಕಿಂತ ಒಳ್ಳೇ ಡಿಸೈನ್ ಯಾವುದು? ಒಂದು ನವಿಲನ್ನ ನೋಡ್ಕೊಂಡು ಬರೆದು, ಹಲಗೆಗೆ ಮೊದಲು ಮಾಸ್ಕಿಂಗ್ ಟೇಪು ಅದರ ಮೇಲೆ ಗ್ಲೂ ಸ್ಟಿಕ್ಕಲ್ಲಿ ಕಾಗದ ಅಂಟಿಸಿ ಕೊಯ್ಯೋಕೆ ಕೂತ್ರು. ಕಣ್ಣಿನ ಬಿಳಿ ಸುತ್ತು ಕೊಯ್ದು ಮುಗಿಸಿದ್ದೇ ತಡ, ನಡುವಿನ ಕಣ್ಣುಗುಡ್ಡೆ ಟಪ್ ಅಂತ ಕೆಳಗೆ ಬಿತ್ತು. ಗೋಡೆ ಮೇಲೆ ಕೆಂಪು ಚುಕ್ಕೆ ಬಿಳಿ ನಡುವೆ ಒಂಟಿಯಾಗಿ ನಿಲ್ತದೆ, ಹಿಂದೆ ಗೋಡೆ ಇದೆ. ಮರದಲ್ಲಿ ಹಿಂದೆ ಏನೂ ಇಲ್ಲ. ಸುತ್ತ ನೀರಿರೋ ನಡುಗಡ್ಡೆ ಹಾಗೆ, ದಡಕ್ಕೆ ಒಂದು ಸಂಕ ಬೇಕು.

ನಮ್ಮ ಕಡೆ ಹಳ್ಳ ದಾಟೋಕೆ ಅಡಿಕೆ ಮರದ ಸಂಕ ಹಾಕ್ತೇವಲ್ಲ, ಅಕ್ಕೋರು ಅದೇ ಹೆಸರಿಟ್ಟರು. ನವಿಲಿನ ಗರಿಲಿ ಹನ್ನೊಂದು ನಡುಗಡ್ಡೆ, ಪ್ರತಿಯೊಂದಕ್ಕೂ ಕನಿಷ್ಠ ಒಂದು ಸಂಕ, ದೊಡ್ಡದಕ್ಕೆ ಎರಡು, ಅದೂ ಮರದ ಎಳೆ ಹೋಗೋ ದಿಕ್ಕಿಗೇ ಇರ್ಬೇಕು, ಅಡ್ಡ ಹಾಕಿದ್ರೆ ಬಿಸ್ಕತ್ತಿನ ಹಾಗೆ ಮುರೀತದೆ. ನಾಲ್ಕು ದಿನ ಬರೀ ಕಾಗದದ ಮೇಲೆ ಒರೆಸಿ ಒರೆಸಿ ಬರೆದ್ರು. ಸಂಕನ ಗರಿಯ ಗೀರು ಇರಬೇಕು ಅನ್ನೋ ಹಾಗೆ ಅಡಗಿಸಿದ್ದು ಅವರೇ, ನನ್ನ ಕೈಲಿ ಆಗ್ತಿರಲಿಲ್ಲ. ಒಳಗಿನ ತೂತು ಇಷ್ಟು ಸಣ್ಣ ಆದ್ರಿಂದ ತುದಿಲಿ ಅಡ್ಡ ಪಿನ್ ಇರೋ ಬ್ಲೇಡ್ ಬಿಟ್ಟು ಪಿನ್ ಇಲ್ಲದ ಬ್ಲೇಡಿಗೆ ಹೋಗ್ಬೇಕಾಯ್ತು, ಒಳಗೆ ಕೊಯ್ಯೋಕೆ ಮೊದಲು ತೂತು ಕೊರೆದು ಬ್ಲೇಡನ್ನ ತೂರಿಸ್ಬೇಕಲ್ಲ, ಪಿನ್ ದಾಟೋಕೆ ದೊಡ್ಡ ತೂತೇ ಬೇಕು, ಪಿನ್ ಇಲ್ಲದ್ದಕ್ಕೆ ಒಂದೂವರೆ ಮಿಲಿಮೀಟರ್ ಸಾಕು. ಅವರ ಮಶೀನಿಗೆ ಅದಕ್ಕೆ ಬೇರೆ ಕ್ಲಾಂಪ್ ಹಾಕೋಕೆ ಬರ್ತಿತ್ತು, ಅದೊಂದು ಅದೃಷ್ಟ.

ನವಿಲು ಬಂತು. ಕುತ್ತಿಗೆ ಮುರಿದಿತ್ತು, ಎರಡು ತುಂಡು ರಬ್ಬರ್ ಬ್ಯಾಂಡ್ ಹಾಕಿ ಕಳಿಸಿದ್ರು. ನೋಡಿದೆ, ಮರದ ಎಳೆ ಕುತ್ತಿಗೆಗೆ ಅಡ್ಡ ಹೋಗಿದೆ, ಎಂಟು ಮಿಲಿಮೀಟರ್ ಅಗಲದ ಜಾಗ, ಮುರೀದೇ ಇನ್ನೇನಾಗ್ತದೆ. ಸುತ್ತು ಹಾಕಿ ‘ಮರ’ ಅಂತ ಬರೆದು ಕಳಿಸಿದೆ, ಡಿಸೈನನ್ನ ತಿರುಗಿಸಿ ಅಂಟಿಸಿ ಅಂತ ಚೀಟಿ ಇಟ್ಟೆ.

ಅದೇ ತುಂಡು ವಾಪಸು ಬಂತು. ನನ್ನ ‘ಮರ’ ಅನ್ನೋದರ ಮೇಲೆ ನೀಲಿ ಬಾಲ್‌ಪೆನ್ನಲ್ಲಿ ಒಂದು ಗೆರೆ, ಪಕ್ಕದಲ್ಲಿ ದುಂಡನೆ ಅಕ್ಷರದಲ್ಲಿ ‘ಒಪ್ಪೂದಿಲ್ಲ. ಕೈ.’ ಫೋನ್ ಮಾಡಿ ಕೇಳಿದ್ರೆ ಅವರ ವಾದ ಹೀಗೆ, ತಾನು ಮೊದಲು ಹೊರಗಿನ ಗೆರೆ ಕೊಯ್ದೆ, ನವಿಲು ಹಲಗೆಯಿಂದ ಬಿಡುಗಡೆ ಆಯ್ತು, ಆಮೇಲೆ ಕುತ್ತಿಗೆಯ ಒಳಗಿನ ತೂತುಗಳನ್ನ ಕೊಯ್ಯೋಕೆ ಹೋದೆ, ಸಪೂರ ಕುತ್ತಿಗೆನೇ ಹಿಡ್ಕೊಂಡು ದೂಡ್ಬೇಕಾಯ್ತು, ಬ್ಲೇಡ್ ಎತ್ತಿ ಬಡಿದು ಮುರೀತು. ಒಳಗಿನದ್ದು ಮೊದಲು ಹೊರಗಿನದ್ದು ಕೊನೆಗೆ ಅಂತ ಮಾಡಿದ್ರೆ ಸುತ್ತಲಿನ ಹಲಗೆ ಹಿಡ್ಕೊಂಡಿರ್ತಿತ್ತು, ಮರದ ಮೇಲೆ ಯಾಕೆ ಹಾಕ್ತಿ ತಮಾ? ಒಳಗಿಂದ ಹೊರಗೆ ಕೊಯ್ಯೋದು ಈ ಕೆಲಸದ ಮೊದಲ ಪಾಠ, ನಾನು ಅದನ್ನ ಅವರಿಗೆ ಹೇಳೇ ಇರಲಿಲ್ಲ, ಅವರೇ ಮುರಿದು ಕಂಡುಕೊಂಡಿದ್ದಾರೆ. ಆದ್ರೂ ಎಳೆ ಅಡ್ಡ ಇದ್ರೆ ಇವತ್ತಲ್ಲ ನಾಳೆ ಮುರೀತದೆ ಅಕ್ಕೋರೆ ಅಂದೆ. ‘ಹಾಗಾದ್ರೆ ಅಡ್ಡ ಎಳೆಲೇ ಇನ್ನೊಂದು ಕೊಯ್ತೇನೆ, ನಿನ್ನ ಅಂಗಡಿಲೇ ಇಟ್ಕೋ.’

ಆ ನವಿಲು ಈಗ ನನ್ನ ಕ್ಯಾಶ್ ಡ್ರಾಯರ್ ಮೇಲಿನ ಮೊಳೆಗೆ ನೇತಾಡ್ತಿದೆ. ಒಳಗಿನ ತೂತು ಮೊದಲು, ಹೊರಗಿನ ಗೆರೆ ಕೊನೆಗೆ, ಎಳೆ ಸರೀ ಅಡ್ಡ, ಹಿಂದೆ ನನ್ನದೊಂದು ಕೆಂಪು ಸುತ್ತು ಅವರದೊಂದು ನೀಲಿ ಗೆರೆ. ಅಂಗಡಿ ಹುಡುಗ ಎರಡು ಸಲ ಬೀಳಿಸಿದ್ದಾನೆ. ಪ್ರತಿ ಭಾನುವಾರ ಫೋನಲ್ಲಿ ಮೊದಲ ಪ್ರಶ್ನೆ ಅದೇ, ‘ಮುರೀತಾ?’

‘ಇಲ್ಲ ಅಕ್ಕೋರೆ.’